ಡಾಕ್ಟರು ಗೋಧಿ ಎಂದರು, ನಾನು ನಂಬಲಿಲ್ಲ

ಈಗಲೂ ಮದುವೆ ಮನೆಯಲ್ಲಿ ಯಾರಾದರೂ ನನ್ನ ಎಲೆಗೆ ಬಡಿಸಲು ಬಂದರೆ ನಾನು ಮೊದಲು ಪಾತ್ರೆಯೊಳಗೆ ಬಗ್ಗಿ ನೋಡುತ್ತೇನೆ. ಆಮೇಲೆ ಅದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳುತ್ತೇನೆ. ಅಕ್ಕಪಕ್ಕದವರು ನಗುತ್ತಾರೆ. ನಗಲಿ ಬಿಡಿ. ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಚೀಲದ ಬಾಯಲ್ಲಿ ಒಳ್ಳೆಯ ಗುಂಡು ಕೊಬ್ಬರಿ ಕಂಡರೆ ತಳದಲ್ಲಿ ಏನೋ ಇಟ್ಟಿದ್ದಾರೆ ಎಂದು ತಿಳಿದುಕೊಂಡೇ ಇಷ್ಟು ವರ್ಷ ಅಂಗಡಿ ನಡೆಸಿದ್ದೇನೆ. ಅನುಮಾನ ನನಗೆ ರೋಗವಲ್ಲ, ಕಸುಬು. ಆದರೆ ನಿಜವಾದ ರೋಗ ಬಂದಾಗ ಆ ಅನುಮಾನವನ್ನು ಯಾರ ಮೇಲೆ ಹಾಕಬೇಕು ಎಂದು ತಿಳಿಯದೆ ಒದ್ದಾಡಿಬಿಟ್ಟೆ. ಹಾಗೆ ಒದ್ದಾಡುತ್ತಿರುವವರು ಇನ್ನೂ ಇರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಪರಮೇಶಿಯಿಂದ. ಪರಮೇಶಿ ನನ್ನ ಜೊತೆ ಶಾಲೆಗೆ ಹೋದವನು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಊರಿಗೆಲ್ಲ ಆರೋಗ್ಯ ಹೇಳಿಕೊಡುವ ಕೆಲಸ ಹಿಡಿದಿದ್ದಾನೆ. ನನ್ನ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಬಾರ್ಡರಿನಲ್ಲಿದೆ ಎಂದು ಬಂದದ್ದು ಅವನಿಗೆ ಹೇಗೋ ಗೊತ್ತಾಗಿ ಅಂಗಡಿಗೇ ಬಂದ.

"ಅನ್ನ ಬುಡು. ಮುದ್ದೆನೂ ಕಮ್ಮಿ ಮಾಡು. ಮೂರು ಹೊತ್ತೂ ಚಪಾತಿ ತಿನ್ನು. ಬೆಳಗ್ಗೆ ನನ್ ಜೊತೆ ಗ್ರೌಂಡಿಗೆ ಬಾ. ಆರು ತಿಂಗಳಲ್ಲಿ ನೀನೇ ಬೇರೆ ಆಳಾಗಿರ್ತೀಯ ಕಣ್ಲಾ" ಎಂದ.

ಬೇರೆ ಯಾರಾದರೂ ಬಂದು ಯಾವುದನ್ನಾದರೂ ಇಷ್ಟು ಖಂಡಿತವಾಗಿ ಹೇಳಿದ್ದರೆ ನಾನು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಆವತ್ತು ಕೇಳಲಿಲ್ಲ. ಹೆದರಿದ್ದೆ. ಹುಟ್ಟಿದಾಗಿನಿಂದ ಮುದ್ದೆ ತಿಂದು ಬೆಳೆದವನು, ಯಾವಾಗಲೋ ಒಮ್ಮೆ ಉಪ್ಪಿಟ್ಟು, ಹಬ್ಬಕ್ಕೆ ಒಬ್ಬಟ್ಟು ಬಿಟ್ಟರೆ ಗೋಧಿಯ ಕಡೆ ತಲೆ ಹಾಕದವನು, ಮೂರು ಹೊತ್ತೂ ಚಪಾತಿಗೆ ಕೂತೆ. ನನ್ನ ಹೆಂಡತಿ ಗಿರಿಜ ಲಟ್ಟಿಸಿ ಲಟ್ಟಿಸಿ ರಟ್ಟೆ ನೋವು ಎನ್ನುತ್ತಿದ್ದಳು.

ಕೆಲವೇ ವಾರಗಳಲ್ಲಿ ಹೊಟ್ಟೆ ಉಬ್ಬರಿಸತೊಡಗಿತು. ಊಟ ಮಾಡಿ ಎದ್ದರೆ ಪಂಚೆಯ ಗಂಟು ಸಡಿಲಿಸಬೇಕು. ದಿನಕ್ಕೆ ನಾಲ್ಕೈದು ಸಲ ಹಿತ್ತಲಿಗೆ ಓಡಬೇಕು. ಗ್ರೌಂಡಿನಲ್ಲಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊಣಕಾಲಿನ ಕೆಳಗಿನ ಜೀವವೆಲ್ಲ ಸೋರಿಹೋದ ಹಾಗಾಗುತ್ತಿತ್ತು. ಕಟ್ಟೆಯ ಮೇಲೆ ಕೂತರೆ ಪರಮೇಶಿ ಬಿಡಬೇಕಲ್ಲ.

"ಮೈ ಹಂಗೇ ಆಟ ಆಡ್ತದೆ ಕಣ್ಲಾ. ಅದರ ಮಾತು ಕೇಳ್ಬೇಡ. ಎದ್ದೇಳು, ಓಡಿಸು ಅದನ್ನ."

ನಾನೂ ಎದ್ದು ಓಡಿಸಿದೆ. ಬೀದಿಯಲ್ಲಿ ಸಿಕ್ಕವರು ಏನಣ್ಣ ಚೆನ್ನಾಗಿ ಇಳಿದಿದ್ದೀರ, ಹುಡುಗನ ಥರ ಕಾಣ್ತೀರ ಎಂದು ಹೊಗಳುತ್ತಿದ್ದರು. ಹೊಗಳಿಕೆ ಕೇಳಿಕೊಂಡು ಮನೆಗೆ ಬಂದು ಕನ್ನಡಿ ನೋಡಿದರೆ ಕೆನ್ನೆ ಒಳಕ್ಕೆ ಹೋಗಿ, ಕಣ್ಣಿನ ಕೆಳಗೆ ಹಳದಿ ತಿರುಗಿದ ಒಬ್ಬ ಮುದುಕ ನಿಂತಿರುತ್ತಿದ್ದ. ಇದರಲ್ಲಿ ಹುಡುಗ ಎಲ್ಲಿ ಎಂದು ನನಗೆ ಅವರೆಲ್ಲರ ಮೇಲೂ ಅನುಮಾನ ಬಂತು.

ಒಂದು ದಿನ ಅಟ್ಟ ಹತ್ತಿದ್ದೆ. ನಮ್ಮ ಕಡೆ ಕಾಯನ್ನು ಕಿತ್ತ ಕೂಡಲೆ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ತಾನಾಗಿ ಗುಂಡಗೆ ನಿಲ್ಲುತ್ತದೆ. ಅದು ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಕೊಬ್ಬರಿಯಾಗಿದೆ. ಹಾಗೆ ಅಲ್ಲಾಡಿಸುತ್ತಿದ್ದವನಿಗೆ ಕಣ್ಣು ಕತ್ತಲೆ ಬಂದು ಕಾಯಿಗಳ ಮೇಲೆಯೇ ಕುಸಿದೆ. ಗಿರಿಜ ಏಣಿಯ ಕೆಳಗೆ ನಿಂತು ಕೂಗುತ್ತಿದ್ದದ್ದು ಕೇಳಿಸುತ್ತಿತ್ತು, ಉತ್ತರ ಕೊಡಲು ಆಗುತ್ತಿರಲಿಲ್ಲ.

ಆವತ್ತಿನಿಂದ ಮನೆಯಲ್ಲಿ ತಪ್ಪಿತಸ್ಥರ ಹುಡುಕಾಟ. ಪರಮೇಶಿ ಬಂದವನೇ ತೆಂಗಿನಕಾಯಿ ಎಂದ. ಕಾಯಿ ಜಿಡ್ಡು, ಈ ವಯಸ್ಸಿಗೆ ಕರುಳು ತಡೆಯುವುದಿಲ್ಲ ಎಂದ. ಮಾರನೆಯ ದಿನ ಗಿರಿಜ ಮಾಡಿದ ಸಾರು ನೀರಾಗಿತ್ತು. ನಾನು ಒಂದು ತುತ್ತಿಗೆ ಕಂಡುಹಿಡಿದೆ.

"ಕಾಯಿ ಎಲ್ಲೇ?"

"ಹಾಕಿದೀನಿ ಕಣ್ರೀ."

"ಸುಳ್ಳು ಹೇಳ್ಬೇಡ. ಕಾಯಿ ಹಾಕಿದ ಸಾರು ನಂಗೆ ಗೊತ್ತಾಗಲ್ವಾ?"

ಮೂರು ತಲೆಮಾರು ಅನ್ನ ಕೊಟ್ಟ ಮರದ ಮೇಲೆ ಅಪವಾದ ಹೊರಿಸಿದ್ದು ನನಗೆ ಉರಿಯಿತು. ಸರಿ, ಇದನ್ನೂ ನೋಡಿಯೇಬಿಡೋಣ ಎಂದು ಒಂದು ತಿಂಗಳು ಹಟ ಹಿಡಿದು ಕಾಯಿ ಮುಟ್ಟಲಿಲ್ಲ. ಹೊಟ್ಟೆ ಇನ್ನಷ್ಟು ಕೆಟ್ಟಿತು. ತೆಂಗು ಆರೋಪದಿಂದ ಪಾರಾಯಿತು. ಆದರೆ ಆಮೇಲೆ ಮನೆಯಲ್ಲಿ ಯಾರೂ ಯಾವ ಹೆಸರನ್ನೂ ಎತ್ತಲಿಲ್ಲ. ಏಕೆಂದರೆ ಉಳಿದಿದ್ದ ಒಂದೇ ಹೆಸರು ಎಲ್ಲರಿಗೂ ಗೊತ್ತಿತ್ತು.

ನನ್ನ ಅಣ್ಣ ಹೋದದ್ದು ಹೊಟ್ಟೆಯ ಕ್ಯಾನ್ಸರಿನಿಂದ. ಅವನಿಗೂ ಹೀಗೆಯೇ ಶುರುವಾಗಿತ್ತು, ಹೊಟ್ಟೆ ಉಬ್ಬರ, ಸುಸ್ತು, ತೂಕ ಇಳಿಯುವುದು. ಆಗ ಡಾಕ್ಟರು ನನ್ನನ್ನೂ ಸೋದರಮಾವನನ್ನೂ ಹೊರಗೆ ಕರೆದು ವಿಷಯ ಹೇಳಿದ್ದರು. ಮಾವ ಅಲ್ಲೇ ತೀರ್ಮಾನ ಮಾಡಿದರು. ಅಣ್ಣನಿಗೆ ಹೇಳಿದ್ದು ಅಲ್ಸರ್ ಎಂದು. ಖಾರ ಬಿಟ್ಟರೆ ಸರಿಹೋಗುತ್ತದೆ ಎಂದು. ನಮ್ಮ ಕಡೆ ಇದನ್ನು ಯಾರೂ ಸುಳ್ಳು ಎಂದುಕೊಳ್ಳುವುದಿಲ್ಲ. ಹಾಸಿಗೆ ಹಿಡಿದವನ ಧೈರ್ಯ ಕೆಡಿಸಬಾರದು, ಅಷ್ಟೇ. ನಾನು ದಿನವೂ ಸಂಜೆ ಅವನ ಮಂಚದ ಪಕ್ಕ ಕೂತು, ಅಲ್ಸರ್ ಅಷ್ಟೇ ಕಣಣ್ಣ, ಸರಿಹೋಗ್ತದೆ ಎನ್ನುತ್ತಿದ್ದೆ. ಅವನು, ಹೂಂ ಕಣ್ಲಾ, ಖಾರ ಬುಟ್ಟಿದೀನಲ್ಲ, ವಾಸಿ ಆಯ್ತದೆ ಎನ್ನುತ್ತಿದ್ದ.

ತುಮಕೂರಿನ ದೊಡ್ಡ ಆಸ್ಪತ್ರೆಗೆ ಹೋದಾಗ ಇದೆಲ್ಲ ನನ್ನ ತಲೆಯಲ್ಲಿತ್ತು. ಟೋಕನ್ ಹಿಡಿದು ಬೆಂಚಿನ ಮೇಲೆ ಕೂತವರೆಲ್ಲರೂ ಗೋಡೆ ನೋಡುತ್ತಿದ್ದರು. ಬಾಯಿಂದ ಕ್ಯಾಮೆರಾ ಇಳಿಸಬೇಕು, ಖಾಲಿ ಹೊಟ್ಟೆಯಲ್ಲಿರಿ ಎಂದಿದ್ದರಿಂದ ನಾನು ನೀರೂ ಕುಡಿದಿರಲಿಲ್ಲ. ಪಕ್ಕದಲ್ಲಿ ಅಮ್ಮಸಂದ್ರದ ಕಡೆಯ ಒಬ್ಬ ಅಜ್ಜಿ ಕೂತಿದ್ದರು. ಮಗ ಒಳಗೆ ಹೋಗಿದ್ದನಂತೆ. ಅವರು ನಾನು ಟೋಕನ್ ಚೀಟಿಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದದ್ದನ್ನು ನೋಡಿ, ಏನೂ ಕೇಳದೆ, ತಮ್ಮ ಸೆರಗಿನ ತುದಿಯನ್ನು ನನ್ನ ಕೈಯ ಮೇಲೆ ಹೊದಿಸಿ ಸುಮ್ಮನೆ ಮುಂದೆ ನೋಡುತ್ತ ಕೂತರು. ಆ ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಇಡೀ ಆಸ್ಪತ್ರೆಯಲ್ಲಿ ನಾನು ಅನುಮಾನ ಪಡದೇ ಇದ್ದದ್ದು ಅವರೊಬ್ಬರ ಮೇಲೆ.

ಆ ದಿನ ಕ್ಯಾಮೆರಾ ಇಳಿಸಿ, ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಕಳೆದು ಫಲಿತಾಂಶಕ್ಕೆ ಹೋದಾಗ ಕಾಯುವ ನಡುವೆ ನಾನು ಶೌಚಕ್ಕೆ ಎದ್ದು ಹೋದೆ. ವಾಪಸು ಬಂದರೆ ಗಿರಿಜ ಬೆಂಚಿನ ಮೇಲಿಲ್ಲ. ಡಾಕ್ಟರ ಕೋಣೆಯ ಬಾಗಿಲು ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ಏನೂ ಇಲ್ವಂತೆ ಕಣ್ರೀ. ನಿಮ್ಗೆ ಗೋಧಿ ಆಗಲ್ವಂತೆ. ಗೋಧಿ ಬುಟ್ರೆ ಸರಿಹೋಗ್ತದಂತೆ."

ಖಾರ ಬಿಟ್ಟರೆ ಸರಿಹೋಗುತ್ತದೆ. ಗೋಧಿ ಬಿಟ್ಟರೆ ಸರಿಹೋಗುತ್ತದೆ. ಮಾತು ಅದೇ, ಪದಾರ್ಥ ಮಾತ್ರ ಬೇರೆ. ಏನೂ ಇಲ್ಲದಿದ್ದರೆ ಇವಳು ಅಳುವುದೇಕೆ?

ನಾನೇ ಒಳಗೆ ನುಗ್ಗಿ ಕೇಳಿದೆ. ಡಾಕ್ಟರು ಚಿಕ್ಕ ವಯಸ್ಸಿನವರು. ಗೋಧಿ ಹೊಟ್ಟೆಗೆ ಹೋದರೆ ನನ್ನ ಕರುಳು ತನ್ನನ್ನು ತಾನೇ ಹಾಳುಮಾಡಿಕೊಳ್ಳುತ್ತದೆ, ಅದಕ್ಕೇ ರಕ್ತ ಕಡಿಮೆಯಾಗಿದೆ, ಚಪಾತಿ, ರವೆ, ಮೈದಾ ಎಲ್ಲವನ್ನೂ ಜೀವನಪೂರ್ತಿ ಬಿಡಬೇಕು, ಅಕ್ಕಿ, ರಾಗಿ ತಿನ್ನಬಹುದು ಎಂದರು. ನಮ್ಮ ಕಡೆ ಇದು ಅಪರೂಪ ಎಂದೂ ಸೇರಿಸಿದರು. ಅಪರೂಪ ಎಂದಾಗ ನನ್ನ ಕಿವಿ ನೆಟ್ಟಗಾಯಿತು.

"ಡಾಕ್ಟ್ರೇ, ನಾನು ಧೈರ್ಯವಂತ. ನಿಜ ಹೇಳ್ಬುಡಿ."

"ನಿಜನೇ ಹೇಳ್ತಿದೀನಿ ಯಜಮಾನ್ರೇ" ಎಂದು ನಕ್ಕರು. ಅಣ್ಣನ ಡಾಕ್ಟರೂ ಅವನ ಮುಂದೆ ಹೀಗೇ ನಗುತ್ತಿದ್ದರು.

ಮನೆಗೆ ಬಂದ ದಿನವೇ ಗಿರಿಜ ಗೋಧಿ ಚೀಲ, ರವೆ ಡಬ್ಬಿ, ಶಾವಿಗೆ ಪೊಟ್ಟಣ ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದಳು. ಮತ್ತೆ ಮುದ್ದೆ ಬಂತು. ಬಾಯಿಗೆ ಹಿತವಾಯಿತು. ಗ್ರೌಂಡಿಗೆ ಹೋಗುವುದನ್ನೂ ಬಿಟ್ಟೆ. ಆದರೆ ಹೊಟ್ಟೆ ಪೂರ್ತಿ ಸರಿಹೋಗಲಿಲ್ಲ. ಸ್ವಲ್ಪ ಇಳಿಯಿತು, ಅಲ್ಲೇ ನಿಂತಿತು. ಗೋಧಿಯೇ ಕಾರಣವಾಗಿದ್ದರೆ ಈಗ ವಾಸಿಯಾಗಬೇಕಿತ್ತಲ್ಲ. ನಾನು ಲೆಕ್ಕ ಹಾಕಿಬಿಟ್ಟೆ. ಇವರು ಹೇಳಿದ್ದು ಸುಳ್ಳು.

ಆಮೇಲೆ ನಾನು ಮನೆಯಲ್ಲಿ ಕಳ್ಳನ ಹಾಗೆ ಓಡಾಡಿದೆ. ಔಷಧಿ ಅಂಗಡಿಯವನಿಗೆ ಮಾತ್ರೆ ತೋರಿಸಿ ಇದು ಯಾವ ರೋಗಕ್ಕೆ ಎಂದು ಕೇಳಿದೆ. ಕಬ್ಬಿಣಾಂಶ, ವಿಟಮಿನ್ನು ಎಂದ. ಅಣ್ಣನಿಗೂ ಕೊನೆಗೆ ಕೊಟ್ಟದ್ದು ವಿಟಮಿನ್ನೇ. ಒಂದು ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದಾಗ ಗಿರಿಜ ಅಡುಗೆಮನೆಯಲ್ಲಿ ಫೋನಿನಲ್ಲಿದ್ದಳು. ತುರುವೇಕೆರೆಯಲ್ಲಿ ಮಗಳ ಮನೆಯಲ್ಲಿರುವ ನನ್ನ ಅತ್ತಿಗೆಯ ಜೊತೆ. "ಅವರ ಮುಂದೆ ಮಾತ್ರ ಎತ್ಬೇಡಿ ಅಕ್ಕ, ಮೊದಲೇ ಹೆದ್ರಿದಾರೆ" ಎನ್ನುತ್ತಿದ್ದಳು. ನನ್ನನ್ನು ನೋಡಿ ಫೋನು ಇಟ್ಟಳು. ನಾನು ಏನೂ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ, ಪಾಪ, ಎಂದುಕೊಂಡೆ.

ಮಾರನೆಯ ದಿನ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಚೀಲಗಳ ಮುಂದೆ ನಿಲ್ಲಿಸಿದೆ. ಯಾವ ಕೊಬ್ಬರಿ ಹಸಿ, ಯಾವುದಕ್ಕೆ ಬೂಸಲು ಹಿಡಿದಿದೆ, ಯಾರ ಚೀಲಕ್ಕೆ ತಳದವರೆಗೂ ಕೈ ಹಾಕಬೇಕು ಎಂದು ಹೇಳಿಕೊಡಲು ಹೊರಟೆ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕೈಯಲ್ಲಿದ್ದ ಕೊಬ್ಬರಿಯನ್ನು ಚೀಲಕ್ಕೆ ಎಸೆದು, "ಇದನ್ನೆಲ್ಲ ಯಾಕ್ರೀ ನಂಗೀಗ ಹೇಳ್ತಿದೀರ? ಎಲ್ಲಿಗೆ ಹೊರಟಿದೀರ ನೀವು?" ಎಂದು ಬೀದಿಯಲ್ಲಿ ಒಬ್ಬಳೇ ನಡೆದುಕೊಂಡು ಮನೆಗೆ ಹೋದಳು.

ಇಷ್ಟರಲ್ಲಿ ಒಂದು ಸಣ್ಣ ವಿಷಯ ನನ್ನ ತಲೆಯಲ್ಲಿ ಕೊರೆಯತೊಡಗಿತು. ಮಂಗಳವಾರ ಬೆಳಗ್ಗೆ ನನ್ನ ಹೊಟ್ಟೆ ತೆಪ್ಪಗಿರುತ್ತಿತ್ತು. ಉಳಿದ ದಿನ ಗುಡುಗುಟ್ಟುವುದು ಮಂಗಳವಾರ ಮಾತ್ರ ಸುಮ್ಮನೆ. ಮೊದಲು ಅದನ್ನೂ ನಂಬಲಿಲ್ಲ. ಇನ್ನೊಂದು ಮಂಗಳವಾರ ನೋಡಿದೆ, ಮತ್ತೊಂದು ನೋಡಿದೆ. ಸೋಮವಾರ ನಮ್ಮ ಮನೆಯಲ್ಲಿ ಒಪ್ಪೊತ್ತು. ಪೂಜೆಯಾದ ಮೇಲೆ ಒಂದೇ ಊಟ, ಅನ್ನ, ಮಜ್ಜಿಗೆ, ಬಾಳೆಹಣ್ಣು. ಆವತ್ತು ಮುದ್ದೆ ತಿರುವುವುದಿಲ್ಲ. ಅಂದರೆ ಮೈ ಬೆರಳು ತೋರಿಸುತ್ತಿದ್ದದ್ದು ಮುದ್ದೆಯ ಕಡೆಗೆ.

ಇದನ್ನು ಹೇಳಿದಾಗ ಗಿರಿಜ ನನಗೆ ತಲೆ ಕೆಟ್ಟಿದೆ ಎಂದೇ ತಿಳಿದಳು. "ಮುದ್ದೆನಾ? ಮುದ್ದೆ ಏನ್ ಮಾಡ್ತದೆ ಕಣ್ರೀ? ಡಾಕ್ಟ್ರೇ ತಿನ್ನಿ ಅಂದವ್ರೆ" ಎಂದಳು. ನಿಜ. ನಮ್ಮಲ್ಲಿ ದೇವರನ್ನು ಬೇಕಾದರೆ ಅನುಮಾನಿಸಬಹುದು, ರಾಗಿಯನ್ನಲ್ಲ. ಆದರೆ ನಾನು ಹಟ ಬಿಡಲಿಲ್ಲ. ರಾಗಿ ಚೀಲಕ್ಕೆ ತಳದವರೆಗೂ ಕೈ ಹಾಕಿದೆ. ರಾಗಿ ಚೊಕ್ಕವಾಗಿತ್ತು. ಹಿಟ್ಟಿನ ಡಬ್ಬಿ ತೆಗೆದು ಬೆಳಕಿಗೆ ಹಿಡಿದೆ. ಬಣ್ಣ ಇರಬೇಕಾದದ್ದಕ್ಕಿಂತ ಒಂದಿಷ್ಟು ಬೆಳ್ಳಗೆ ಕಂಡಿತು. ಡಬ್ಬಿ ಮುಚ್ಚಿ ನೆಟ್ಟಗೆ ಮಿಲ್ಲಿಗೆ ನಡೆದೆ.

ಮಿಲ್ಲಿನ ಮೂಲೆಯಲ್ಲಿ ಹಿಟ್ಟಿನ ಧೂಳು ಕುಡಿಯುತ್ತ ನಿಂತು ನೋಡಿದೆ. ಒಬ್ಬಾಕೆಯ ಗೋಧಿ ಮುಗಿಯುತ್ತಿದ್ದಂತೆ ಅದೇ ಯಂತ್ರಕ್ಕೆ ಇನ್ನೊಬ್ಬರ ರಾಗಿ ಸುರಿದರು. ಮೊದಲು ಬಂದ ಹಿಟ್ಟು ಬಿಳಿ, ಆಮೇಲೆ ಬೂದಿ, ಆಮೇಲೆ ರಾಗಿ. ಎಲ್ಲ ಒಂದೇ ಡಬ್ಬಿಗೆ. ಮಿಲ್ಲಿನವನನ್ನು ಕೇಳಿದೆ.

"ಮೆಣಸಿನಕಾಯಿ ಮೇಲೆ ಯಾರ ರಾಗಿನೂ ಹಾಕಲ್ಲ ಸ್ವಾಮಿ, ಘಾಟು ಹತ್ತಿ ಬೈತಾರೆ. ಗೋಧಿ ಮೇಲೆ ಹಾಕಿದ್ರೆ ಯಾರು ಕೇಳ್ತಾರೆ? ಮುದ್ದೆ ಮೆತ್ತಗೆ ಬರ್ತದೆ ಅಂತ ಇನ್ನೂ ಖುಷಿ ಪಡ್ತಾರೆ" ಎಂದ.

ಅವನ ತಪ್ಪೇನೂ ಇಲ್ಲ. ಊರಿಗೆ ಊರೇ ಹಾಗೆ ಬೀಸಿಸುತ್ತದೆ, ಊರಿಗೆ ಊರೇ ತಿಂದು ಗಟ್ಟಿಯಾಗಿದೆ. ನನ್ನೊಬ್ಬನ ಕರುಳು ಆ ಒಂದು ಹಿಡಿ ಗೋಧಿಯನ್ನೂ ಸಹಿಸುತ್ತಿರಲಿಲ್ಲ. ಅಕ್ಕಿ ಮಾತ್ರ ಬೀಸುವ ಇನ್ನೊಂದು ಯಂತ್ರವಿತ್ತು. ಕಾಡಿ ಬೇಡಿ ನಮ್ಮ ರಾಗಿಯನ್ನು ಅದಕ್ಕೆ ಹಾಕಿಸಿದೆ. ಗಿರಿಜ ಪಕ್ಕದಲ್ಲೇ ನಿಂತು ಯಂತ್ರದ ಬಾಯಿ ನೋಡುತ್ತಿದ್ದಳು. ಅವಳಿಗೂ ನನ್ನ ಕಸುಬು ಹತ್ತಿತ್ತು.

ದಿನ ಕಳೆದಂತೆ ಹೊಟ್ಟೆ ಇಳಿಯಿತು. ಹಿತ್ತಲಿಗೆ ಓಡುವುದು ನಿಂತಿತು. ಬೆಳಗ್ಗೆ ಗ್ರೌಂಡಿನ ಬದಲು ಹಾಲ್ಕುರಿಕೆ ದಾರಿಯಲ್ಲಿರುವ ನಮ್ಮ ತೋಟದಲ್ಲಿ ಬದುವಿನ ಮೇಲೆ ನಡೆಯುತ್ತಿದ್ದೆ. ಸಾಕು ಎನಿಸಿದಾಗ ಮರಕ್ಕೆ ಒರಗಿ ಕೂರುತ್ತಿದ್ದೆ. ಎದ್ದೇಳು ಎನ್ನುವವರಿಲ್ಲ. ಕೂತು ಸ್ವಲ್ಪ ಹೊತ್ತಿಗೆ ಕಾಲು ತಾನಾಗಿಯೇ ಏಳೋಣ ಎನ್ನುತ್ತಿತ್ತು.

ಇಷ್ಟಾದರೂ ನಾನು ನಂಬಿದೆನೇ? ಇಲ್ಲ. ಅಣ್ಣನಿಗೂ ನಡುವೆ ಒಳ್ಳೆಯ ದಿನಗಳು ಬಂದಿದ್ದವು. ಯುಗಾದಿಗೆ ಎದ್ದು ಕೂತು ಒಬ್ಬಟ್ಟು ಮುರಿದಿದ್ದ. ನಾವೆಲ್ಲ ಅದನ್ನು ನೋಡಿ ದೇವರಿಗೆ ಕೈ ಮುಗಿದಿದ್ದೆವು. ಮುಂದಿನ ಹಬ್ಬಕ್ಕೆ ಅವನಿರಲಿಲ್ಲ. ಮೈ ಸುಧಾರಿಸಿದಷ್ಟೂ ನನಗೆ ಭಯ ಹೆಚ್ಚಾಯಿತು. ಇದು ಆ ಯುಗಾದಿಯೇ ಇರಬೇಕು ಎನಿಸುತ್ತಿತ್ತು.

ಅತ್ತಿಗೆ ತುರುವೇಕೆರೆಯಿಂದ ಬಂದದ್ದು ಆಗಲೇ. ಅಂಗಡಿಯಲ್ಲಿ ನಡೆದ ಜಗಳವನ್ನು ಗಿರಿಜ ಹೇಳಿಕೊಂಡಿರಬೇಕು. ಹನ್ನೆರಡರ ಬಸ್ಸು ತಡವಾಗಿ, ಅವರು ಬಂದು ಕೈಕಾಲು ತೊಳೆಯುವಾಗ ಊಟದ ಹೊತ್ತು ಮೀರಿತ್ತು. ಗಿರಿಜ ಒಳಗೆ ಮುದ್ದೆಗೆ ಎಸರಿಟ್ಟಿದ್ದಳು. ಹಜಾರದಲ್ಲಿ ನಾವಿಬ್ಬರೇ ಇದ್ದೆವು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಅತ್ತಿಗೆಮ್ಮ, ಅವತ್ತು ಅಣ್ಣಂಗೆ ನಾವೆಲ್ಲ ಹೇಳಿದ್ವಲ್ಲ, ಹಂಗೇ ಈಗ ನಂಗೂ ಹೇಳ್ತಿದೀರಾ? ಗಿರಿಜ ಫೋನಲ್ಲಿ ನಿಮ್ಗೆ ಎತ್ಬೇಡಿ ಅಂತಿದ್ಲು. ಏನದು?"

"ನಿಮ್ಮಣ್ಣನ ಮಾತು ಎತ್ಬೇಡಿ ಅಂದ್ಲು. ಅವ್ರ ಹೆಸ್ರು ಬಂದ್ರೆ ನೀನು ಬೆಳ್ಳಗಾಯ್ತೀಯಂತೆ. ಅಷ್ಟೇ ಕಣಪ್ಪ" ಎಂದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳಿನ ಗೆರೆ ಎಲ್ಲಾದರೂ ಸಿಗುತ್ತದೇನೋ ಎಂದು. ಅವರಿಗೆ ಅದು ಗೊತ್ತಾಯಿತು. ಬೇಸರ ಮಾಡಿಕೊಳ್ಳಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನ ಎದುರಿಗೆ ಚಾಪೆಯ ಮೇಲೆ ಕೂತರು.

"ನಿಮ್ಮಣ್ಣಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಎಲ್ಲಾನೂವೆ. ಯಾರೂ ಹೇಳ್ಲಿಲ್ಲ. ಆಸ್ಪತ್ರೆಯಿಂದ ಬಂದ ವಾರದಲ್ಲೇ ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅಂದ್ರು. ಇದು ಅಲ್ಸರ್ ಅಲ್ಲ ಕಣೇ, ಹಸಿವು ಅನ್ನೋದೇ ಸತ್ತೋಗೈತೆ, ಅನ್ನದ ವಾಸ್ನೆ ಬಂದ್ರೆ ಮೈಯೇ ಬೇಡ ಅಂತೈತೆ, ಒಳಗಿರೋದು ನಂಗೆ ಗೊತ್ತಾಗಲ್ವಾ ಅಂದ್ರು." ಅತ್ತಿಗೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ತಮ್ಮ ದಿನಾ ಬಂದು ಸರಿಹೋಗ್ತದೆ ಅಂತಾನೆ, ನಾನೂ ಹೂಂ ಅಂತೀನಿ. ನಂಗೆ ಗೊತ್ತು ಅಂತ ಅವನಿಗೆ ಗೊತ್ತಾಗೋದು ಬೇಡ, ಅವನು ತಡ್ಕಳಲ್ಲ ಅಂದ್ರು."

ದಿನವೂ ಸಂಜೆ ಆ ಮಂಚದ ಪಕ್ಕದಿಂದ ಎದ್ದು ಮನೆಗೆ ಬರುವಾಗ ನನ್ನ ಎದೆ ಹಗುರಾಗಿರುತ್ತಿತ್ತು. ನಾನು ಅವನಿಗೆ ಧೈರ್ಯ ಹೇಳಿ ಬರುತ್ತಿದ್ದೇನೆ ಎಂದುಕೊಂಡಿದ್ದೆ. ಸಾಯುತ್ತಿದ್ದವನು ಅಷ್ಟೂ ದಿನ ನನಗೆ ಧೈರ್ಯ ಹೇಳಿ ಕಳಿಸುತ್ತಿದ್ದ.

"ಅವ್ರಿಗೆ ಯಾರ ಸುಳ್ಳೂ ಬೇಕಾಗ್ಲಿಲ್ಲ, ಯಾರ ನಿಜಾನೂ ಬೇಕಾಗ್ಲಿಲ್ಲ" ಎಂದರು ಅತ್ತಿಗೆ. "ನೀನು ಊರವ್ರನ್ನೆಲ್ಲ ಯಾಕೆ ಕೇಳ್ತೀಯ? ನೀನೇ ಹೇಳು. ಹಸಿವಾಯ್ತದಾ ನಿಂಗೆ?"

ಅಡುಗೆಮನೆಯಿಂದ ಅವರೆಕಾಳಿನ ಸಾರು ಕುದಿಯುವ ವಾಸನೆ ಬರುತ್ತಿತ್ತು. ಒಂದು ಗಂಟೆಯಿಂದ ನಾನು ಮತ್ತೆ ಮತ್ತೆ ಆ ಬಾಗಿಲ ಕಡೆ ನೋಡುತ್ತಿದ್ದೆ. ಬಸ್ಸು ತಡವಾಯಿತು, ಊಟ ತಡವಾಯಿತು ಎಂದು ಒಳಗೊಳಗೇ ಸಿಡಿಮಿಡಿಗೊಂಡಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು.

"ಆಯ್ತದೆ ಅತ್ತಿಗೆಮ್ಮ" ಎಂದೆ. "ತುಂಬಾ ಆಯ್ತದೆ."

ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಅಣ್ಣನನ್ನು ಮಣ್ಣು ಮಾಡಿದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ನಾನು ಬದುಕುತ್ತೇನೆ ಎಂದು ಅಳುತ್ತಿದ್ದೆನೋ, ಅವನು ಒಬ್ಬನೇ ಎಲ್ಲ ತಿಳಿದುಕೊಂಡು ಮಲಗಿದ್ದ ಎಂದು ಅಳುತ್ತಿದ್ದೆನೋ ಬಿಡಿಸಿ ಹೇಳಲಾರೆ. ಅತ್ತಿಗೆ ಸಮಾಧಾನ ಹೇಳಲು ಬರಲಿಲ್ಲ. ನನ್ನ ಪಾಡಿಗೆ ನನ್ನನ್ನು ಬಿಟ್ಟು ಒಳಗಿನ ಬಾಗಿಲ ಕಡೆ ತಿರುಗಿದರು.

"ಗಿರಿಜ, ನಿನ್ ಗಂಡಂಗೆ ಮೊದ್ಲು ಇಕ್ಕಮ್ಮ. ನಾವು ಆಮೇಲೆ ಕೂತ್ಕಳಾಣ."